ಮನೆಯ ಮುಂದಿನ ನೀರಿನಲ್ಲಿ ನೆರೆಯವರ ದೋಣಿ: ನಮ್ಮ ಹಕ್ಕು ಎಲ್ಲಿಗೆ ಮುಗಿಯುತ್ತದೆ?

ಪ್ರಶ್ನೆ: ಬಾಣಸ್ತಾರಿಯ ಧಾರವಾಡದವ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವನು. ಕೆಲಸದ ನಿಮಿತ್ತ ಪಣಜಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. 2016ರಲ್ಲಿ ಕುಂಭಾರ್‌ಜುವೆ ಕಾಲುವೆಯ ಫೋಂಡಾ ಬದಿಯ ದಂಡೆಯಲ್ಲಿ, ಬಾಣಸ್ತಾರಿ ಸೇತುವೆಯಿಂದ ತುಸು ದೂರ, ಹೆಂಚಿನ ಹಳೆಯ ಮನೆಯೊಂದನ್ನು ಹಿತ್ತಲಿನ ಸಮೇತ ಕೊಂಡುಕೊಂಡೆವು. ಹಿತ್ತಲು ಮುಗಿಯುವಲ್ಲಿ ಮಣ್ಣಿನ ಒಡ್ಡು, ಒಡ್ಡಿನಾಚೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಆ ಗಿಡಗಳ ನಡುವಿನ ಸಂದಿಯಲ್ಲಿ ನೀರಿಗಿಳಿಯಲು ಚಿರೇಕಲ್ಲಿನ ಏಳು ಮೆಟ್ಟಿಲು. ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪಶ್ಚಿಮಕ್ಕೆ ಕಾಲುವೆ’ ಎಂದು ಬರೆದಿದೆ. ನನ್ನದೊಂದು ನಾಲ್ಕು ಮೀಟರಿನ ಫೈಬರ್ ದೋಣಿ ಇದೆ. ರವಿವಾರ ಮಗನನ್ನು ಕರೆದುಕೊಂಡು ಹುಟ್ಟು ಹಾಕುತ್ತ ಹೋಗಿಬರುವುದಷ್ಟೇ ಅದರ ಉಪಯೋಗ.

ಉತ್ತರ ಬದಿಯ ನೆರೆಯವರು ಎರಡು ವರ್ಷಗಳ ಹಿಂದೆ ಪ್ರವಾಸಿಗರಿಗೆ ಮೊಸಳೆ ತೋರಿಸುವ ವ್ಯವಹಾರಕ್ಕೆಂದು ಸುಮಾರು ಒಂಬತ್ತು ಮೀಟರ್ ಉದ್ದದ, ಮೇಲೆ ಚಾವಣಿಯಿರುವ ಎಂಜಿನ್ ದೋಣಿಯನ್ನು ತಂದರು. ಅವರ ಹಿತ್ತಲಿನ ಎದುರಿಗೆ ಹೂಳು ಹೆಚ್ಚು, ಇಳಿತದ ಹೊತ್ತಿಗೆ ದೋಣಿ ಕೆಸರಿನಲ್ಲಿ ಕೂರುತ್ತದೆ. ಆದ್ದರಿಂದ ನನ್ನ ಮೆಟ್ಟಿಲಿನ ಎದುರಿಗೆ, ನೀರು ಆಳವಿರುವಲ್ಲಿ, ಕಾಂಕ್ರೀಟಿನ ದಿಮ್ಮಿಯೊಂದನ್ನು ತಳಕ್ಕಿಳಿಸಿ, ದಂಡೆಯ ಬದಿಗೆ ಕಬ್ಬಿಣದ ಪೈಪು ಹೊಡೆದು, ಎರಡಕ್ಕೂ ದೋಣಿಯನ್ನು ಕಟ್ಟಿದ್ದಾರೆ. ನೀರು ಹರಿಯುವ ದಿಕ್ಕು ಬದಲಾದಾಗಲೆಲ್ಲ ಅದು ಅಡ್ಡಲಾಗಿ ಬಂದು ಕೊನೆಯ ಮೆಟ್ಟಿಲನ್ನು ಮುಚ್ಚಿಬಿಡುತ್ತದೆ. ಎರಡು ಸಲ ವಿನಯದಿಂದಲೇ ಕೇಳಿದೆ. ಮೊದಲ ಸಲ ‘ಪಳೋವ್ಯಾಂ’, ನೋಡೋಣ, ಎಂದರು. ಎರಡನೆಯ ಸಲ, ನೀರು ಸರ್ಕಾರದ್ದು, ನೀವೇನು ಅದನ್ನೂ ಖರೀದಿ ಮಾಡಿದ್ದೀರಾ, ಎಂದರು.

ಇನ್ನೊಂದು ತೊಡಕಿದೆ. ದಕ್ಷಿಣ ಬದಿಯ ಹಿರಿಯ ಮೀನುಗಾರರೊಬ್ಬರು ತಮ್ಮ ಮರದ ದೋಣಿಯನ್ನು ನನ್ನ ಮೆಟ್ಟಿಲಿನ ಪಕ್ಕದ ಗೂಟಕ್ಕೇ ಕಟ್ಟುತ್ತಾರೆ. ತಂದೆಯ ಕಾಲದಿಂದಲೂ ಅಲ್ಲೇ ಕಟ್ಟುತ್ತಿದ್ದೇವೆ ಎನ್ನುತ್ತಾರೆ. ಅವರಿಂದ ನನಗೆ ಯಾವ ತೊಂದರೆಯೂ ಇಲ್ಲ, ಬದಲಿಗೆ ಆಗಾಗ ಮೀನು ಬರುತ್ತದೆ. ನಾನು ದೂರು ಕೊಟ್ಟರೆ ಅಧಿಕಾರಿಗಳು ಬಂದು ಅವರ ಗೂಟವನ್ನೂ ಕಿತ್ತುಹಾಕುವರೇ ಎಂಬ ಅಳುಕು ಇದೆ. ನನ್ನ ಜಾಗದ ಎದುರಿನ ನೀರಿನ ಮೇಲೆ ನನಗೇನಾದರೂ ಹಕ್ಕಿದೆಯೇ, ದೊಡ್ಡ ದೋಣಿಯನ್ನು ಸರಿಸುವಂತೆ ಕೇಳಲು ಯಾರ ಬಳಿಗೆ ಹೋಗಬೇಕು, ನಾನೇ ಒಂದು ಸಣ್ಣ ಮರದ ಜೆಟ್ಟಿ ಕಟ್ಟಿಕೊಂಡರೆ ಈ ಜಗಳ ತೀರುವುದೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಪಣಜಿಯ ವಕೀಲ

ನಿಮ್ಮ ನೆರೆಯವರು ಒರಟಾಗಿ ಹೇಳಿದರೂ ಅರ್ಧ ಸತ್ಯವನ್ನೇ ಹೇಳಿದ್ದಾರೆ, ಉಳಿದ ಅರ್ಧ ಅವರಿಗೇ ವಿರುದ್ಧವಾಗಿದೆ. 1968ರ ಗೋವಾ ಭೂಕಂದಾಯ ಸಂಹಿತೆಯ ಪ್ರಕಾರ, ಖಾಸಗಿಯವರ ಸ್ವತ್ತೆಂದು ಸಿದ್ಧವಾಗದ ನದಿ, ಹಳ್ಳ, ಖಾರಿಗಳ (ಉಬ್ಬರದ ನೀರು ಒಳಬರುವ ತೊರೆಗಳ) ತಳವೆಲ್ಲ ಸರ್ಕಾರದ್ದು. ಹೆಸರಿಗೆ ಕಾಲುವೆಯಾದರೂ ಕುಂಭಾರ್‌ಜುವೆ ಮಾಂಡವಿಯನ್ನೂ ಜುವಾರಿಯನ್ನೂ ಕೂಡಿಸುವ, ದಿನಕ್ಕೆರಡು ಸಲ ಉಬ್ಬರ ಬರುವ ಜಲಮಾರ್ಗ. ಕ್ರಯಪತ್ರದಲ್ಲಿ ‘ಪಶ್ಚಿಮಕ್ಕೆ ಕಾಲುವೆ’ ಎಂದಿದ್ದರೆ ನಿಮ್ಮ ಸ್ವತ್ತು ಕಾಲುವೆಯವರೆಗೆ ಬಂದು ನಿಂತಿತು ಎಂದು ಅರ್ಥ. ಕಾಲುವೆಯೊಳಗೂ ಇಷ್ಟು ಮೀಟರ್ ನಿಮ್ಮದು ಎಂದು ಅರ್ಥವಲ್ಲ. ಆದ್ದರಿಂದ ‘ನನ್ನ ನೀರಿನಲ್ಲಿ ಅವರ ದೋಣಿ’ ಎಂಬ ವಾದವನ್ನು ಇಂದೇ ಬಿಟ್ಟುಬಿಡಿ. ಅದನ್ನು ಬರೆದು ಎಲ್ಲಿ ಅರ್ಜಿ ಕೊಟ್ಟರೂ ಮೊದಲ ಪುಟದಲ್ಲೇ ಸೋಲುತ್ತೀರಿ.

ಆದರೆ ನೀರು ಸರ್ಕಾರದ್ದು ಎಂದರೆ ಯಾರು ಮೊದಲು ಗೂಟ ಹೊಡೆದರೋ ಅವರದು ಎಂದಾಗುವುದಿಲ್ಲ. ಉಬ್ಬರವಿಳಿತದ ನೀರಿನಲ್ಲಿ ಸಾರ್ವಜನಿಕರೆಲ್ಲರಿಗೂ ಸಂಚಾರದ ಹಕ್ಕಿದೆ. ಸಂಚಾರದ ನಡುವೆ ಅಗತ್ಯಕ್ಕೆ ತಕ್ಕಷ್ಟು ಹೊತ್ತು ಲಂಗರು ಹಾಕುವುದು ಅದರೊಳಗೇ ಸೇರುತ್ತದೆ. ಕಾಂಕ್ರೀಟಿನ ದಿಮ್ಮಿಯನ್ನು ತಳಕ್ಕಿಳಿಸಿ ವರ್ಷಗಟ್ಟಲೆ ಒಂದೇ ಜಾಗವನ್ನು ಹಿಡಿದುಕೊಳ್ಳುವುದು ಸೇರುವುದಿಲ್ಲ. ಇದು ಇಂಗ್ಲಿಷ್ ಕಾಮನ್ ಲಾದಿಂದ ಬಂದ ತತ್ವ. ಅದೇ ಪರಂಪರೆಯ ಇನ್ನೊಂದು ತತ್ವ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದಂಡೆಗೆ ತಾಗಿದ ಜಮೀನಿನ ಒಡೆಯನಿಗೆ ತನ್ನ ಜಮೀನಿನಿಂದ ನೀರಿಗೆ ಇಳಿಯುವ, ನೀರಿನಿಂದ ಜಮೀನಿಗೆ ಹತ್ತುವ ಹಕ್ಕು ಇರುತ್ತದೆ. ಅದು ಸಾರ್ವಜನಿಕರ ಸಂಚಾರದ ಹಕ್ಕಿನಿಂದ ಬೇರೆಯಾದ ಖಾಸಗಿ ಹಕ್ಕು ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1876ರಲ್ಲೇ, ಥೇಮ್ಸ್ ನದಿಯ ದಂಡೆಯ ಒಂದು ವ್ಯಾಜ್ಯದಲ್ಲಿ ತೀರ್ಮಾನಿಸಿತು. ಅಂದರೆ ನೀವು ಕೇಳಬೇಕಾದದ್ದು ನೀರನ್ನಲ್ಲ, ನೀರಿಗೆ ಹೋಗುವ ದಾರಿಯನ್ನು. ಇಡೀ ಪ್ರಕರಣ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ನಮ್ಮ ಸುಪ್ರೀಂ ಕೋರ್ಟು ನದಿ, ಕಡಲತೀರಗಳ ವಿಷಯದಲ್ಲಿ ಸಾರ್ವಜನಿಕ ನ್ಯಾಸದ ತತ್ವವನ್ನು ಒಪ್ಪಿಕೊಂಡಿದೆ: ಸರ್ಕಾರ ಇವುಗಳ ಒಡೆಯನಿಗಿಂತ ಹೆಚ್ಚಾಗಿ ಜನರ ಪರವಾದ ನ್ಯಾಸಧಾರಿ. 1996ರ ಡಿಸೆಂಬರಿನಲ್ಲಿ ತೀರ್ಪಾದ ಬಿಯಾಸ್ ನದಿಯ ಪ್ರಕರಣ ಇದರ ಮೂಲ. ನಮ್ಮ ಗೋವಾಕ್ಕೇ ಸಂಬಂಧಿಸಿದ್ದು 2009ರ ವಾಯಂಗಿಣಿ ಕಡಲತೀರದ ತೀರ್ಪು. ಮೀನುಗಾರರೂ ಊರಿನವರೂ ಹಿಂದಿನಿಂದ ನಡೆದು ಬಂದ ಕಡಲ ದಾರಿಯನ್ನು ಅಲ್ಲಿ ಹೋಟೆಲಿನ ಕಟ್ಟಡವೊಂದು ಮುಚ್ಚಿತ್ತು, ನ್ಯಾಯಾಲಯ ಜನರ ದಾರಿಯ ಪರವಾಗಿ ನಿಂತಿತು. ಒಬ್ಬ ಖಾಸಗಿ ವ್ಯಕ್ತಿ ತನ್ನ ವ್ಯಾಪಾರಕ್ಕಾಗಿ ಸಾರ್ವಜನಿಕ ನೀರಿನ ತುಂಡೊಂದನ್ನು ತನ್ನದನ್ನಾಗಿ ಮಾಡಿಕೊಂಡಿದ್ದಾನೆ ಎಂದು ಹೇಳುವಾಗ ಈ ಎರಡು ತೀರ್ಪುಗಳು ನಿಮ್ಮ ಕೈಯಲ್ಲಿರಲಿ.

ಇನ್ನು ಯಾರ ಬಳಿಗೆ ಹೋಗಬೇಕೆಂಬುದು. ಮೊದಲ ಮೆಟ್ಟಿಲು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ಒಳನಾಡಿನ ದೋಣಿಗಳ ನೋಂದಣಿ, ಜೆಟ್ಟಿಗಳ ಪರವಾನಗಿ ಅಲ್ಲಿಯೇ ಆಗುತ್ತದೆ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಎಂಜಿನ್ ಇರುವ ದೋಣಿಗೆ ನೋಂದಣಿ ಕಡ್ಡಾಯ. ಪ್ರವಾಸಿಗರನ್ನು ಸಾಗಿಸುವುದರಿಂದ 1982ರ ಪ್ರವಾಸೋದ್ಯಮ ವ್ಯಾಪಾರ ನೋಂದಣಿ ಕಾಯ್ದೆಯಡಿ ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಆ ದೋಣಿ ನೋಂದಣಿಯಾಗಿದೆಯೇ, ಅದನ್ನು ಕಟ್ಟುವ ಸ್ಥಳವೆಂದು ಯಾವುದನ್ನು ತೋರಿಸಲಾಗಿದೆ, ದಿಮ್ಮಿ ಮತ್ತು ಪೈಪಿಗೆ ಪರವಾನಗಿ ಇದೆಯೇ ಎಂದು ಕೇಳಿ. ಮೂರು ಸಾಲಿನ ಈ ಪ್ರಶ್ನೆ ಮೂವತ್ತು ಪುಟದ ದೂರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. 2016ರ ಕಾಯ್ದೆಯಲ್ಲಿ ಈ ಕಾಲುವೆ 27ನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಣೆಯಾಗಿದೆ ಎಂಬುದನ್ನೂ ಅರ್ಜಿಯಲ್ಲಿ ನಮೂದಿಸಿ.

ಅದರಿಂದಲೂ ಆಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮೇ ಅದು. ಸಾರ್ವಜನಿಕರು ಬಳಸುವ ದಾರಿ, ನದಿ, ಕಾಲುವೆಗಳಲ್ಲಿನ ಅಕ್ರಮ ಅಡಚಣೆಯನ್ನು ತೆಗೆಯುವಂತೆ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶಿಸಬಹುದು. ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಕೊನೆಯ ದಾರಿ. ಅಲ್ಲಿ ಸರ್ಕಾರವನ್ನೂ ಪ್ರತಿವಾದಿಯಾಗಿ ಮಾಡಿದರೆ ಎರಡು ತಿಂಗಳ ಪೂರ್ವ ನೋಟಿಸು ಕೊಡಬೇಕಾಗುತ್ತದೆ ಎಂಬುದು ನೆನಪಿರಲಿ.

ಜೆಟ್ಟಿಯ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಗೋವಾದ ಕರಾವಳಿ ವಲಯ ನಿರ್ವಹಣಾ ಯೋಜನೆ 2011ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಗೆ ಅನುಗುಣವಾಗಿ 2022ರಲ್ಲಿ ಅನುಮೋದನೆಯಾಯಿತು. ಅದರಂತೆ ಉಬ್ಬರವಿಳಿತದ ನದಿ, ಖಾರಿಗಳ ದಂಡೆಯಲ್ಲಿ 100 ಮೀಟರ್ ಅಥವಾ ಖಾರಿಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಪಟ್ಟಿ ನಿಯಂತ್ರಿತ ವಲಯ. 2019ರ ಅಧಿಸೂಚನೆ ಇದನ್ನು 50 ಮೀಟರಿಗೆ ಇಳಿಸಿದ್ದು ನಿಜ, ಆದರೆ ರಾಜ್ಯದ ಯೋಜನೆ ಅದಕ್ಕೆ ತಕ್ಕಂತೆ ಪರಿಷ್ಕೃತವಾಗಿ ಅನುಮೋದನೆಯಾಗುವ ತನಕ ಆ ಸಡಿಲಿಕೆ ಅನ್ವಯಿಸುವುದಿಲ್ಲ. ಕಾಂಡ್ಲಾ ಗಿಡಗಳಿರುವ ಜಾಗಕ್ಕಂತೂ ಅತ್ಯಂತ ಬಿಗಿಯಾದ ವರ್ಗ. ಅನುಮತಿಯಿಲ್ಲದೆ ನಾಲ್ಕು ಕಂಬ ನೆಟ್ಟಿರಾದರೆ ಮರುದಿನ ನೋಟಿಸು ಬರುವುದು ನೆರೆಯವರ ದೋಣಿಗಲ್ಲ, ನಿಮ್ಮ ಮನೆಗೆ.

ಮೀನುಗಾರರ ವಿಷಯ ಬೇರೆ. 1882ರ ಸುಖಾಧಿಕಾರ (ಬೇರೆಯವರ ಸ್ವತ್ತನ್ನು ಬಳಸುವ ಹಕ್ಕಿನ) ಕಾಯ್ದೆಯ 18ನೆಯ ಕಲಮು ಸ್ಥಳೀಯ ರೂಢಿಯಿಂದ ಬರುವ ಹಕ್ಕನ್ನು ಮಾನ್ಯ ಮಾಡುತ್ತದೆ. ತಂದೆಯ ಕಾಲದಿಂದ, ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದೇ ಭಾವಿಸಿ ಮಾಡಿಕೊಂಡು ಬಂದ ಬಳಕೆಗೂ ಎರಡು ವರ್ಷಗಳ ಹಿಂದೆ ಪ್ರವಾಸಿ ವ್ಯವಹಾರಕ್ಕೆ ಹೊಡೆದ ಪೈಪಿಗೂ ಕಾನೂನಿನ ಕಣ್ಣಿನಲ್ಲಿ ಅಜಗಜಾಂತರ. ಖಾಸಗಿ ಸ್ವತ್ತಿನ ಮೇಲಾದರೆ 20 ವರ್ಷ, ಸರ್ಕಾರದ ಸ್ವತ್ತಿನ ಮೇಲಾದರೆ 30 ವರ್ಷ ಬಳಸಿದವರಿಗೆ ಅದೇ ಕಾಯ್ದೆಯ 15ನೆಯ ಕಲಮಿನ ಆಸರೆ ಸಿಗುತ್ತದೆ. ನಿಮ್ಮ ದೂರಿನಲ್ಲಿ ಅವರ ಗೂಟದ ಪ್ರಸ್ತಾಪವನ್ನು ನೀವೇ ಮಾಡಿ, ಅದು ಹಳೆಯದೆಂದೂ ನಿಮ್ಮ ಆಕ್ಷೇಪಣೆ ಇಲ್ಲವೆಂದೂ ಸ್ಪಷ್ಟವಾಗಿ ಬರೆಯಿರಿ. ಮುಚ್ಚಿಟ್ಟರೆ ಎದುರಿನವರು ಅದನ್ನೇ ಎತ್ತಿ ತೋರಿಸುತ್ತಾರೆ.

ಕೊನೆಯದಾಗಿ ಒಂದು ಎಚ್ಚರಿಕೆ. ರಾಜಿಯ ಹೆಸರಿನಲ್ಲಿ ನೆರೆಯವರಿಗೆ ನಿಮ್ಮ ಜಾಗದಲ್ಲಿ ಕಬ್ಬಿಣದ ಬಳೆಯನ್ನೋ ಕಾಂಕ್ರೀಟಿನ ಕಟ್ಟೆಯನ್ನೋ ಮಾಡಿಕೊಳ್ಳಲು ಬಾಯಿಮಾತಿನ ಒಪ್ಪಿಗೆ ಕೊಡಬೇಡಿ. ಅನುಮತಿಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂಬುದು ಸಾಮಾನ್ಯ ನಿಯಮ. ಆದರೆ ಆ ಅನುಮತಿಯನ್ನು ನಂಬಿ ಅವರು ಖರ್ಚು ಮಾಡಿ ಶಾಶ್ವತವಾದ ಕಾಮಗಾರಿ ಕಟ್ಟಿದ್ದರೆ, ಅದೇ ಕಾಯ್ದೆಯ 60ನೆಯ ಕಲಮಿನಂತೆ ಹಿಂಪಡೆಯಲಾಗದು. ಒಳ್ಳೆಯ ಮನಸ್ಸಿನಿಂದ ‘ಆಗಲಿ’ ಎಂದವರು ಇಲ್ಲಿ ಸಿಕ್ಕಿಕೊಂಡಿದ್ದನ್ನು ನಾನು ಕಂಡಿದ್ದೇನೆ.

ಉತ್ತರ: ಕಾರವಾರದ ತಾಂಡೇಲ

ವಕೀಲರು ಕಾನೂನನ್ನು ಹೇಳಿದರು, ನಾನು ಹಗ್ಗದ ಲೆಕ್ಕ ಹೇಳುತ್ತೇನೆ. ಅದಿರಿನ ಬಾರ್ಜುಗಳಲ್ಲಿ ಇಪ್ಪತ್ತಾರು ವರ್ಷ ದುಡಿದು, 2012ರಲ್ಲಿ ಗಣಿಗಾರಿಕೆ ನಿಂತ ಮೇಲೆ ಊರಿಗೆ ಮರಳಿದವನು ನಾನು. ಮಳೆಗಾಲದಲ್ಲಿ ಆಗ್ವಾದದ ಬಳಿ ಮಾಂಡವಿಯ ಬಾಯಿಯಲ್ಲಿ ಮರಳದಿಣ್ಣೆಯಿಂದಾಗಿ ಸಂಚಾರ ನಿಲ್ಲುತ್ತಿದ್ದಾಗ ಬಾರ್ಜುಗಳೆಲ್ಲ ನಿಮ್ಮ ಕುಂಭಾರ್‌ಜುವೆಯೊಳಗಿಂದಲೇ ಜುವಾರಿಗೆ ಇಳಿದು ಮುರಗಾಂವ್ ಬಂದರಿಗೆ ಹೋಗುತ್ತಿದ್ದವು. ಆ ಕಾಲದಲ್ಲಿ ಯಾರಾದರೂ ನಡುನೀರಿನಲ್ಲಿ ಹೀಗೆ ದೋಣಿ ಕಟ್ಟಿದ್ದರೆ ಮರುದಿನ ಹಲಗೆಗಳನ್ನು ಆಯ್ದುಕೊಳ್ಳಬೇಕಾಗುತ್ತಿತ್ತು.

ನಿಮ್ಮ ನೆರೆಯವರ ದೋಣಿ ಅಡ್ಡ ಬರುವುದಕ್ಕೆ ದುರುದ್ದೇಶಕ್ಕಿಂತ ಕಟ್ಟುವ ಕ್ರಮದ ತಪ್ಪೇ ಕಾರಣವೆಂದು ನನಗೆ ತೋರುತ್ತದೆ. ತಳದ ದಿಮ್ಮಿಗೆ ಒಂದೇ ಹಗ್ಗದಿಂದ ಕಟ್ಟಿದ ದೋಣಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಉಬ್ಬರದಲ್ಲಿ ನಾಲ್ಕು ಮೀಟರ್ ಆಳ ಇದೆ ಎಂದಿಟ್ಟುಕೊಳ್ಳಿ. ಆಳದ ಮೂರು ಪಟ್ಟು, ಅಂದರೆ ಹನ್ನೆರಡು ಮೀಟರ್ ಹಗ್ಗ ಬಿಟ್ಟರೆ, ಅದಕ್ಕೆ ಒಂಬತ್ತು ಮೀಟರಿನ ದೋಣಿಯೂ ಸೇರಿ ಸುತ್ತಳತೆಯ ತ್ರಿಜ್ಯ ಇಪ್ಪತ್ತು ಮೀಟರಿಗೆ ಬರುತ್ತದೆ. ನಲವತ್ತು ಮೀಟರ್ ಅಗಲದ ನೀರು ಒಂದೇ ದೋಣಿಗೆ ಹೋಯಿತು. ದಂಡೆಯ ಪೈಪಿನ ಹಗ್ಗ ಇದನ್ನು ತಡೆಯಬೇಕಾಗಿತ್ತು, ಆದರೆ ಉಬ್ಬರದಲ್ಲಿ ಬಿಗಿಯಾಗದಿರಲೆಂದು ಅದನ್ನು ಸಡಿಲ ಬಿಟ್ಟಿರಬೇಕು. ಇಳಿತಕ್ಕೆ ನೀರು ಇಳಿದಾಗ ಆ ಸಡಿಲವೆಲ್ಲ ದೋಣಿಯನ್ನು ನಿಮ್ಮ ಮೆಟ್ಟಿಲಿನ ಕಡೆಗೆ ತಳ್ಳುತ್ತದೆ. ನೀರು ಎರಡೂ ನದಿಗಳಿಂದ ಬರುವ ಈ ಕಾಲುವೆಯಲ್ಲಿ ಹರಿವು ತಿರುಗುವ ಹೊತ್ತೂ ದಿನದಿನಕ್ಕೆ ಹಿಂದೆಮುಂದೆ ಆಗುತ್ತದೆ, ಅದನ್ನು ಕಾಯ್ದು ಕೂರಲಾಗದು.

ಇಕ್ಕಟ್ಟಾದ ನೀರಿನಲ್ಲಿ ದೋಣಿಯನ್ನು ಹರಿವಿನ ಉದ್ದಕ್ಕೆ, ಮುಂದೊಂದು ಹಿಂದೊಂದು ಕಟ್ಟಬೇಕು. ಎರಡು ತೂಕ, ಎರಡು ಬೋಯ್ (ತೇಲುಬುರುಡೆ). ಹಗ್ಗಗಳಲ್ಲಿ ಉಬ್ಬರವಿಳಿತದ ಸುಮಾರು ಎರಡು ಮೀಟರ್ ಏರಿಳಿತಕ್ಕೆ ಸಾಲುವಷ್ಟೇ ಸಡಿಲ. ಹೀಗೆ ಕಟ್ಟಿದರೆ ಹರಿವು ಯಾವ ಕಡೆಗೆ ತಿರುಗಿದರೂ ದೋಣಿ ತನ್ನ ಗೆರೆ ಬಿಟ್ಟು ಕದಲುವುದಿಲ್ಲ. ಅವರ ದೋಣಿಯನ್ನು ಹದಿನೈದು ಮೀಟರ್ ಉತ್ತರಕ್ಕೆ ಸರಿಸಿ ಹೀಗೆ ಕಟ್ಟಿದರೆ, ಆಳವೂ ಅವರಿಗೆ ಸಿಗುತ್ತದೆ, ನಿಮ್ಮ ಮೆಟ್ಟಿಲೂ ತೆರವಾಗುತ್ತದೆ. ಹೂಳು ಇರುವುದು ದಂಡೆಯ ಬಳಿ ಮಾತ್ರ. ಪ್ರಯಾಣಿಕರನ್ನು ಹತ್ತಿಸುವುದಕ್ಕೆ ಉಬ್ಬರದ ಹೊತ್ತಿನಲ್ಲಿ ದಂಡೆಗೆ ಬಂದು ಹೋದರಾಯಿತು.

ಏನೇ ಸಿಟ್ಟು ಬಂದರೂ ಅವರ ಹಗ್ಗವನ್ನು ನೀವು ಬಿಚ್ಚಬೇಡಿ, ಕತ್ತರಿಸಲೂಬೇಡಿ. ಇಳಿತದ ಸೆಳವಿಗೆ ಸಿಕ್ಕ ದೋಣಿ ಸೇತುವೆಯ ಕಂಬಕ್ಕೆ ಹೋಗಿ ಬಡಿದರೆ ತಪ್ಪಿತಸ್ಥರು ನೀವಾಗುತ್ತೀರಿ. ಕಾಂಡ್ಲಾದ ಬೊಡ್ಡೆಗೆ ಅವರೂ ಕಟ್ಟಬಾರದು, ನೀವೂ ಕಟ್ಟಬಾರದು. ಮತ್ತು ಮಗನಿಗೆ ಲೈಫ್ ಜಾಕೆಟ್ ತೊಡಿಸಿ. ಆ ನೀರಿನಲ್ಲಿ ಮೊಸಳೆ ಇರುವುದು ಪ್ರವಾಸಿಗರಿಗೆ ಹೇಳುವ ಕಥೆಯಲ್ಲ.

ಉತ್ತರ: ವರ್ಸೋವಾ ಕನ್ನಡಿಗ

ನಾನು ಮುಂಬೈಯಲ್ಲಿರುವವನು. ಇಲ್ಲಿ ಬಂದರಿನ ವ್ಯಾಪ್ತಿಯ ನೀರು ಬಂದರು ಪ್ರಾಧಿಕಾರದ್ದು, ಉಳಿದ ಖಾರಿಗಳು ಮಹಾರಾಷ್ಟ್ರ ಮೆರಿಟೈಮ್ ಬೋರ್ಡಿನ ಸುಪರ್ದಿನಲ್ಲಿವೆ. ಆದರೂ ಅರ್ಜಿ ಕೊಟ್ಟು ಕಾಯುತ್ತ ಕುಳಿತವರು ಮುದುಕರಾಗಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಲಾಖೆಗಳ ಮೆಟ್ಟಿಲು ಹತ್ತಿಳಿಯುವ ಬದಲು ನೇರವಾಗಿ ಪುಣೆಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯ ಪೀಠಕ್ಕೆ ಹೋಗುವುದು ಒಳ್ಳೆಯದು. ಗೋವಾ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ಕಾಂಡ್ಲಾದ ನಡುವೆ ಕಬ್ಬಿಣದ ಪೈಪು, ನದಿಯ ತಳದಲ್ಲಿ ಕಾಂಕ್ರೀಟು: ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಬೇಕೇ? ಮಹಾರಾಷ್ಟ್ರದಲ್ಲಿ ಬಾಂಬೆ ಹೈಕೋರ್ಟು 2018ರಲ್ಲಿ ಕಾಂಡ್ಲಾ ನಾಶದ ವಿರುದ್ಧ ಎಷ್ಟು ಕಟುವಾದ ತೀರ್ಪು ಕೊಟ್ಟಿದೆ ಎಂಬುದನ್ನು ನೋಡಿ. ಕೊಚ್ಚಿಯ ಮರಡುವಿನ ಬಹುಮಹಡಿ ಕಟ್ಟಡಗಳು 2020ರ ಜನವರಿಯಲ್ಲಿ ನೆಲಕ್ಕುರುಳಿದ್ದೂ ಸಿಆರ್‌ಝಡ್ ಉಲ್ಲಂಘನೆಗಾಗಿಯೇ. ಮೆತ್ತಗೆ ಕೇಳಿದರೆ ಯಾರೂ ದೋಣಿ ಬಿಚ್ಚುವುದಿಲ್ಲ.

ಉತ್ತರ: ಪಣಜಿಯ ವಕೀಲ

ಮುಂಬೈಯವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯ 14ನೆಯ ಕಲಮಿನ ಅರ್ಜಿಗೆ, ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳ ಗಡುವು, ಸಕಾರಣ ತೋರಿಸಿದರೆ ಇನ್ನು 60 ದಿನ. ಇಲ್ಲಿ ಎರಡು ವರ್ಷಗಳು ಕಳೆದಿವೆ. ಅದಕ್ಕಿಂತ ಮುಖ್ಯವಾಗಿ, ಮಂಡಳಿ ಕೇಳುವುದು ಪರಿಸರಕ್ಕೆ ಸಂಬಂಧಿಸಿದ ಗಣನೀಯ ಪ್ರಶ್ನೆಯನ್ನು. ಇಬ್ಬರು ನೆರೆಯವರ ಮೆಟ್ಟಿಲಿನ ಜಗಳವನ್ನು ಪರಿಸರದ ವೇಷ ತೊಡಿಸಿ ಕೊಂಡೊಯ್ದರೆ ಪೀಠಕ್ಕೆ ಅದು ಕಾಣದೆ ಇರುವುದಿಲ್ಲ. ಮತ್ತು ಸ್ಥಳ ಪರಿಶೀಲನೆಗೆ ಬರುವ ಸಮಿತಿ ಪೈಪನ್ನು ಅಳೆದು ಹಿಂದಿರುಗುವುದಿಲ್ಲ. ಪ್ರಶ್ನೆ ಕೇಳಿದವರ ಏಳು ಮೆಟ್ಟಿಲನ್ನೂ ಅಳೆಯುತ್ತದೆ. ಅವು 1991ರ ಫೆಬ್ರವರಿಯ ಮೊದಲ ಸಿಆರ್‌ಝಡ್ ಅಧಿಸೂಚನೆಗೆ ಮುಂಚಿನವು ಎಂಬುದಕ್ಕೆ ದಾಖಲೆ ಇದೆಯೇ?

ಉತ್ತರ: ದಿವಾಡಿಯ ಮೇಷ್ಟ್ರಮ್ಮ

ನಾನು ದಿವಾಡಿ ದ್ವೀಪದಲ್ಲಿ ಮೂವತ್ತು ವರ್ಷಗಳಿಂದ ಇರುವವಳು. ಎಲ್ಲರೂ ನೀರಿನ ಬಗ್ಗೆ ಮಾತಾಡುತ್ತಿದ್ದಾರೆ, ಆದರೆ ಧಾರವಾಡದ ಅಣ್ಣನವರು ಆರಂಭದಲ್ಲೇ ಹೇಳಿದ ಒಂದು ಮಾತು ಯಾರ ಕಣ್ಣಿಗೂ ಬೀಳಲಿಲ್ಲ: ‘ಹಿತ್ತಲು ಮುಗಿಯುವಲ್ಲಿ ಮಣ್ಣಿನ ಒಡ್ಡು’. ಅಣ್ಣಾ, ಅದು ಬರಿಯ ಒಡ್ಡಲ್ಲ, ಖಜಾನ್ ಭೂಮಿಯ ಬಾಂಧ್ ಆಗಿರುವ ಸಂಭವವೇ ಹೆಚ್ಚು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಊರವರು ಶತಮಾನಗಳ ಹಿಂದೆ ಕಟ್ಟಿಕೊಂಡ ಕಟ್ಟೆಗಳು ಇವು. ನಡುನಡುವೆ ‘ಮಾನಸ’ ಎಂಬ ಮರದ ತೂಬು ಇರುತ್ತದೆ. ಉಬ್ಬರಕ್ಕೆ ತಾನೇ ಮುಚ್ಚಿಕೊಂಡು ಇಳಿತಕ್ಕೆ ತಾನೇ ತೆರೆಯುತ್ತದೆ. ಆ ತೂಬಿನ ಬಾಯಿಯಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಬಂದ ಹಣವನ್ನು ಬಾಂಧ್ ದುರಸ್ತಿಗೆ ಬಳಸುವ ಪದ್ಧತಿ ಇಂದಿಗೂ ಇದೆ.

ಇಂತಹ ಬಾಂಧ್‌ಗಳು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಇರುವುದಿಲ್ಲ. ಹಿಂದೆ ಗಾಂವಕಾರಿ ಎಂದು ಕರೆಯುತ್ತಿದ್ದ, ಪೋರ್ಚುಗೀಸರ ಕಾಲದಿಂದ ಕೊಮುನಿದಾದ್ ಎಂಬ ಹೆಸರಿನ ಗ್ರಾಮ ಸಂಸ್ಥೆಯದ್ದಾಗಿರುತ್ತವೆ. ನೋಡಿಕೊಳ್ಳುವವರು ಗೇಣಿದಾರರ ಸಂಘದವರು. ಆದ್ದರಿಂದ ಕ್ರಯಪತ್ರವನ್ನು ಪಕ್ಕಕ್ಕಿಟ್ಟು ಸರ್ವೆ ನಕ್ಷೆಯನ್ನು ತೆಗೆಸಿ ನೋಡಿ, ಜೊತೆಗೆ ಬಾಂಧ್‌ನ ಸರ್ವೆ ನಂಬರಿಗೆ ಫಾರ್ಮ್ 1 ಮತ್ತು 14 (ನಮ್ಮ ಕಡೆಯ ಪಹಣಿಯಂತಹ ದಾಖಲೆ) ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ಹಳೆಯ ಪೋರ್ಚುಗೀಸ್ ದಸ್ತಾವೇಜಿನ ಗಡಿಯನ್ನು ಹೊಸ ಕ್ರಯಪತ್ರಕ್ಕೆ ಹಾಗೆಯೇ ನಕಲು ಮಾಡುವುದು ಇಲ್ಲಿ ನಿತ್ಯದ ಸಂಗತಿ. ‘ಪಶ್ಚಿಮಕ್ಕೆ ಕಾಲುವೆ’ ಎಂದು ಬರೆದವನು ಕಾಲುವೆಯ ತನಕ ನಡೆದು ನೋಡಿರುತ್ತಾನೆ ಎಂದೇನೂ ಇಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬಾರದು. ನಾವು ಘಟ್ಟದ ಮೇಲಿನವರು ಇಲ್ಲಿ ಜಾಗ ಕೊಂಡ ಕೂಡಲೇ ಬೇಲಿ ಹಾಕಿ, ಬಾಂಧ್ ಮೇಲಿನ ಕಾಲುದಾರಿಯನ್ನೂ ನಮ್ಮದೆನ್ನುತ್ತೇವೆ ಎಂಬ ಅಸಮಾಧಾನ ಊರಿನವರಲ್ಲಿದೆ, ಮತ್ತು ಅದು ಪೂರ್ತಿ ಸುಳ್ಳೂ ಅಲ್ಲ. ನೋಟಿಸಿಗೆ ಮುಂಚೆ ಸಂಘದ ಹಿರಿಯರನ್ನು ಕಂಡು ಕೊಂಕಣಿಯಲ್ಲಿ ನಾಲ್ಕು ಮಾತಾಡಿ.

ಉತ್ತರ: ಬಾಣಸ್ತಾರಿಯ ಧಾರವಾಡದವ

ಎಲ್ಲರಿಗೂ ಋಣಿಯಾಗಿದ್ದೇನೆ. ಐದು ವಾರಗಳ ನಂತರ ಬರೆಯುತ್ತಿದ್ದೇನೆ, ಏಕೆಂದರೆ ಮೇಷ್ಟ್ರಮ್ಮನವರು ಹೇಳಿದ ನಕ್ಷೆ ಕೈಗೆ ಬರಲು ಅಷ್ಟು ಸಮಯ ಹಿಡಿಯಿತು. ಅವರ ಊಹೆ ಅಕ್ಷರಶಃ ನಿಜವಾಗಿದೆ. ನನ್ನ ಸರ್ವೆ ನಂಬರು ಬಾಂಧ್‌ನ ಒಳಬುಡಕ್ಕೆ ಮುಗಿಯುತ್ತದೆ. ಬಾಂಧ್‌ಗೆ ಪ್ರತ್ಯೇಕ ನಂಬರಿದೆ, ಹೆಸರು ಕೊಮುನಿದಾದ್‌ನದ್ದು. ಒಂಬತ್ತು ವರ್ಷಗಳಿಂದ ನನ್ನದೆಂದು ಗುಡಿಸಿ, ಪಾಚಿ ಕೆರೆದು, ದೀಪಾವಳಿಗೆ ಹಣತೆ ಇಟ್ಟ ಆ ಏಳು ಮೆಟ್ಟಿಲು ನನ್ನವಲ್ಲ. ನಾನು ದಂಡೆಯ ಒಡೆಯನೂ ಅಲ್ಲ ಎಂದಾದ ಮೇಲೆ, 1876ರ ತೀರ್ಪಿನ ಬಲವೂ ನನಗಿಲ್ಲ ಎಂದು ಭಾವಿಸುತ್ತೇನೆ.

ಆದರೆ ಅದೇ ನಕ್ಷೆಯಲ್ಲಿ ನೆರೆಯವರ ಜಾಗವೂ ಬಾಂಧ್‌ನ ಒಳಬುಡಕ್ಕೇ ಮುಗಿಯುತ್ತದೆ. ಕಬ್ಬಿಣದ ಪೈಪು ಹೊಡೆದಿರುವುದು ಕೊಮುನಿದಾದ್‌ನ ಬಾಂಧ್‌ನ ಹೊರ ಇಳಿಜಾರಿನಲ್ಲಿ. ಗೇಣಿದಾರರ ಸಂಘದ ಹಿರಿಯರಿಗೆ ಇದನ್ನು ತೋರಿಸಿದಾಗ ಅವರಿಗೆ ದೋಣಿಯ ಚಿಂತೆಯೇ ಇರಲಿಲ್ಲ. ಪೈಪಿನ ಸುತ್ತ ಮಣ್ಣು ಸಡಿಲಾಗಿ ಮಳೆಗಾಲದಲ್ಲಿ ಬಾಂಧ್ ಒಡೆದರೆ ಹಿಂದಿನ ಗದ್ದೆಗಳಿಗೆಲ್ಲ ಉಪ್ಪುನೀರು ನುಗ್ಗುತ್ತದಲ್ಲ ಎಂದು ತಕ್ಷಣ ಎದ್ದು ನಡೆದೇ ಬಂದರು. ಅವರು ಹತ್ತು ನಿಮಿಷ ಮಾತಾಡಿದ್ದು ನನ್ನ ಎರಡು ವರ್ಷಗಳ ವಿನಂತಿಗಿಂತ ಹೆಚ್ಚು ಕೆಲಸ ಮಾಡಿತು. ಪೈಪನ್ನು ಕಿತ್ತು, ಕುಳಿಯನ್ನು ಜೇಡಿಮಣ್ಣಿನಿಂದ ಮುಚ್ಚಿದ್ದಾರೆ. ತಾಂಡೇಲರು ಹೇಳಿದ ಎರಡು ತೂಕದ ಕ್ರಮವನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದೆ. ನೆರೆಯವರು ನೋಡಿದರು, ಏನೂ ಹೇಳಲಿಲ್ಲ, ಕಾಗದವನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡರು. ತಳದ ದಿಮ್ಮಿ ಇನ್ನೂ ಅಲ್ಲಿಯೇ ಇದೆ, ದೋಣಿ ಅರ್ಧ ಸರಿದಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬಂದಿಲ್ಲ. ಹಿರಿಯ ಮೀನುಗಾರರ ಗೂಟವನ್ನು ಯಾರೂ ಮುಟ್ಟಲಿಲ್ಲ. ಸಂಘದವರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

ವಕೀಲರಲ್ಲಿ ಒಂದು ಕೊನೆಯ ಪ್ರಶ್ನೆ: ಮೆಟ್ಟಿಲನ್ನು ನಾನು ಮುಂದೆಯೂ ಬಳಸಬಹುದೇ, ಬಳಸುವುದಾದರೆ ಯಾರ ಅನುಮತಿ ಬೇಕು?

ಉತ್ತರ: ಪಣಜಿಯ ವಕೀಲ

ಬಳಸಬಹುದು, ಆದರೆ ಒಡೆಯನಾಗಿ ಅಲ್ಲ. ಬಾಂಧ್ ಮೇಲಿನ ಕಾಲುದಾರಿಯನ್ನು ಊರವರು ಹಿಂದಿನಿಂದ ಬಳಸುತ್ತಿದ್ದರೆ ಅವರ ಜೊತೆಗೆ ನೀವೂ ಬಳಸುತ್ತೀರಿ, ಮತ್ತು ಅಡಚಣೆಯ ವಿರುದ್ಧದ 152ನೆಯ ಕಲಮಿನ ದೂರಿಗೆ ಜಮೀನಿನ ಒಡೆತನವೇ ಬೇಕಾಗಿಲ್ಲ. ಮೆಟ್ಟಿಲಿಗಾಗಿ ಕೊಮುನಿದಾದ್‌ಗೆ ಒಂದು ಪತ್ರ ಬರೆದು ಲಿಖಿತ ಅನುಮತಿ ಪಡೆಯಿರಿ. ಹಾಗೆ ಪಡೆದರೆ ಮುಂದೆಂದೂ ಅದು ದೀರ್ಘ ಬಳಕೆಯ ಹಕ್ಕಾಗಿ ಬೆಳೆಯುವುದಿಲ್ಲ ಎಂಬುದನ್ನು ತಿಳಿದೇ ಬರೆಯಿರಿ. ಒಂಬತ್ತು ವರ್ಷಕ್ಕೆ ಅಂತಹ ಹಕ್ಕು ಹೇಗೂ ಹುಟ್ಟಿರಲಿಲ್ಲ. ತಳದ ದಿಮ್ಮಿಯ ವಿಷಯವನ್ನು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಗೆ ಬಿಡಿ. ಮೂವತ್ತು ದಿನ ಕಳೆದರೂ ಮಾಹಿತಿ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಕರಡು ಬೇಕಿದ್ದರೆ ಇಲ್ಲಿಯೇ ಕೇಳಿ, ಬರೆದುಕೊಡುತ್ತೇನೆ.